‘ಎಷ್ಟು ಕೊಡುತ್ತೆ?’ ಅಂತ ಕೇಳುವ ಮುಂಚೆ

ಹೊಸ ಕಾರು ಮನೆ ಮುಂದೆ ಬಂದು ನಿಂತರೆ ಚಕ್ರದಡಿ ನಿಂಬೆಹಣ್ಣು ಹೋಗುತ್ತದೆ, ಬಾನೆಟ್ ಮೇಲೆ ಹಾರ ಬೀಳುತ್ತದೆ, ಕುಂಕುಮ ಇನ್ನೂ ಒಣಗಿರುವುದಿಲ್ಲ, ಪಕ್ಕದ ಮನೆಯವರು ಗೇಟಿನ ಹತ್ತಿರ ಬಂದು ಕೇಳುತ್ತಾರೆ: ‘ಎಷ್ಟು ಕೊಡುತ್ತೆ?’

ಕೇಳುತ್ತಿರುವುದು ಮೈಲೇಜು. ಈ ಪ್ರಶ್ನೆಗೆ ನಾನೂ ಹತ್ತು ವರ್ಷ ಉತ್ತರ ಕೊಟ್ಟಿದ್ದೇನೆ, ಮರ್ಯಾದೆಗೆ ಎರಡು ಕಿಲೋಮೀಟರ್ ಸೇರಿಸಿಯೇ. 2025ರ ದೀಪಾವಳಿ ಹೊತ್ತಿಗೆ ಹಳೆ ಕಾರು ಕೊಟ್ಟು ಹೊಸದು ತೆಗೆದುಕೊಳ್ಳೋಣ ಅಂತ ಹೊರಟಾಗ ಒಂದು ಭಾನುವಾರ ಪೂರ್ತಿ ನೋಟ್‌ಬುಕ್ ಹಿಡಿದು ಕೂತೆ. ಸಂಜೆ ಹೊತ್ತಿಗೆ ಗೊತ್ತಾಗಿದ್ದು ಇಷ್ಟು: ಕಾರು ನನಗೆ ಎಷ್ಟು ಕೊಡುತ್ತದೆ ಅನ್ನುವುದಕ್ಕಿಂತ ನನ್ನಿಂದ ಎಷ್ಟು ಕಿತ್ತುಕೊಳ್ಳುತ್ತದೆ ಅನ್ನುವುದು ದೊಡ್ಡ ಲೆಕ್ಕ, ಅದರಲ್ಲಿ ಪೆಟ್ರೋಲಿನ ಪಾಲು ಮೂರನೇ ಒಂದು ಭಾಗವೂ ಇಲ್ಲ.

ಲೆಕ್ಕ ಹೀಗಿದೆ. ಎಕ್ಸ್‌ಶೋರೂಮ್ ಬೆಲೆ 8.5 ಲಕ್ಷದ ಪೆಟ್ರೋಲ್ ಕಾರು ಅಂದುಕೊಳ್ಳಿ. ತೆರಿಗೆ, ಇನ್ಶೂರೆನ್ಸ್ ಎಲ್ಲ ಸೇರಿ ರಸ್ತೆಗಿಳಿಯುವಾಗ ಸುಮಾರು 10.2 ಲಕ್ಷ. ವರ್ಷಕ್ಕೆ 10,000 ಕಿ.ಮೀ. ಓಡಿಸಿ ಏಳು ವರ್ಷಕ್ಕೆ ಮಾರಿದರೆ 3.2 ಲಕ್ಷ ಬಂತು ಅಂತ ಹಿಡಿಯೋಣ. ಅಲ್ಲಿಗೆ 7 ಲಕ್ಷ ಸವಕಳಿ. ಎಂಟು ಲಕ್ಷ ಸಾಲ, ಶೇ 9ರ ಬಡ್ಡಿ, ಐದು ವರ್ಷ: ಬಡ್ಡಿಯೇ 1.96 ಲಕ್ಷ. (ಸಾಲ ಮಾಡದೆ ಕೈಯಲ್ಲಿದ್ದ ದುಡ್ಡೇ ಕೊಟ್ಟೆ ಅನ್ನುವವರಿಗೂ ಎಫ್‌ಡಿ ಬಡ್ಡಿ ಹೋಯಿತಲ್ಲ.) ಊರೊಳಗೆ, ಹೊರಗೆ ಸೇರಿಸಿ ಲೀಟರಿಗೆ 16 ಕಿ.ಮೀ., ಪೆಟ್ರೋಲು 103 ರೂಪಾಯಿ ಅಂದರೆ ಏಳು ವರ್ಷಕ್ಕೆ 4.5 ಲಕ್ಷ. ಎರಡನೇ ವರ್ಷದಿಂದ ಕೊನೆಯವರೆಗೆ ಇನ್ಶೂರೆನ್ಸ್ ಒಟ್ಟು 90,000. ಸರ್ವಿಸ್, ಒಂದು ಸೆಟ್ ಟಯರ್, ಒಂದು ಬ್ಯಾಟರಿ, ಆಗೀಗ ಒಂದು ಬ್ರೇಕ್ ಪ್ಯಾಡು ಅಂತ 1.1 ಲಕ್ಷ. ಒಟ್ಟು ಹದಿನೈದೂವರೆ ಲಕ್ಷ. ಭಾಗಿಸಿದರೆ ಕಿಲೋಮೀಟರಿಗೆ 22 ರೂಪಾಯಿ. ಅದರಲ್ಲಿ ಪೆಟ್ರೋಲಿಗೆ ಹೋಗುವುದು ಆರೂವರೆ ರೂಪಾಯಿ ಮಾತ್ರ. ಮಾರುವ ಬೆಲೆ, ರಿಪೇರಿ ಇವೆಲ್ಲ ನನ್ನ ಅಂದಾಜು. ನಿಮ್ಮ ಕಾರಿಗೆ ನಿಮ್ಮ ಅಂಕಿ ಹಾಕಿಕೊಳ್ಳಿ, ಚಿತ್ರ ಹೆಚ್ಚು ಬದಲಾಗುವುದಿಲ್ಲ.

ಈಗ ಮೈಲೇಜಿನ ವಿಷಯಕ್ಕೆ ಬನ್ನಿ. 16ರ ಬದಲು 19 ಕೊಡುವ ಕಾರು ಸಿಕ್ಕಿತು ಅಂತಿಟ್ಟುಕೊಳ್ಳಿ. ಏಳು ವರ್ಷಕ್ಕೆ ಉಳಿಯುವುದು 71,000 ರೂಪಾಯಿ, ತಿಂಗಳಿಗೆ 850. ಬೇಡ ಅನ್ನುವ ಮೊತ್ತವಲ್ಲ, ನಿಜ. ಆದರೆ ಅದೇ ಎಂಟು ಲಕ್ಷದ ಸಾಲವನ್ನು ಐದು ವರ್ಷದ ಬದಲು ಏಳು ವರ್ಷಕ್ಕೆ ಎಳೆದರೆ ಬಡ್ಡಿ ಸುಮಾರು 85,000 ಹೆಚ್ಚುತ್ತದೆ. ಇಎಂಐ 16,600ರಿಂದ 12,900ಕ್ಕೆ ಇಳಿಯಿತಲ್ಲ ಅಂತ ಖುಷಿಪಟ್ಟು ಸಹಿ ಹಾಕುವ ಆ ಒಂದು ನಿಮಿಷದಲ್ಲಿ, ಮೂರು ಕಿಲೋಮೀಟರ್ ಹೆಚ್ಚಿನ ಮೈಲೇಜಿಗಾಗಿ ಮೂರು ತಿಂಗಳು ಅಲೆದ ಲಾಭವೆಲ್ಲ ಹೋಗಿರುತ್ತದೆ.

ಕಡಿಮೆ ಓಡಿಸುವವರ ಕಥೆ ಇನ್ನೂ ಬೇರೆ. ವರ್ಷಕ್ಕೆ 4,000 ಕಿ.ಮೀ. ಅಷ್ಟೇ ಓಡುವ, ಉಳಿದಂತೆ ಕವರ್ ಹೊದ್ದು ನಿಲ್ಲುವ ಕಾರುಗಳು ನಮ್ಮ ಬೀದಿಯಲ್ಲೇ ನಾಲ್ಕಿವೆ. ಮೇಲಿನ ಲೆಕ್ಕವನ್ನೇ ಅವಕ್ಕೆ ಹಾಕಿದರೆ ಕಿಲೋಮೀಟರಿಗೆ ಸುಮಾರು 46 ರೂಪಾಯಿ ಬೀಳುತ್ತದೆ. ಬೆಂಗಳೂರಿನಲ್ಲಿ 2025ರ ಆಗಸ್ಟಿನಿಂದ ಆಟೋ ಮೀಟರ್ ದರ ಮೊದಲ ಎರಡು ಕಿ.ಮೀ.ಗೆ 36, ಆಮೇಲೆ ಕಿಲೋಮೀಟರಿಗೆ 18. ಮೀಟರ್ ಹಾಕುತ್ತಾರಾ ಅನ್ನುವುದು ಬೇರೆ ಮಾತು. ಒಂದೂವರೆ ಪಟ್ಟು ಕೇಳಿದರೂ ನಿಂತ ಕಾರಿಗಿಂತ ಅಗ್ಗವೇ.

ತೆರಿಗೆಯ ಮೆಟ್ಟಿಲು

ಕರ್ನಾಟಕದ ಜೀವಾವಧಿ ತೆರಿಗೆ ದೇಶದಲ್ಲೇ ದುಬಾರಿ ಸಾಲಿನದು. ಖಾಸಗಿ ಪೆಟ್ರೋಲ್, ಡೀಸೆಲ್ ಕಾರಿಗೆ 5 ಲಕ್ಷದವರೆಗೆ ಶೇ 13, 5ರಿಂದ 10 ಲಕ್ಷಕ್ಕೆ ಶೇ 14, 10ರಿಂದ 20 ಲಕ್ಷಕ್ಕೆ ಶೇ 17, ಅದರ ಮೇಲೆ ಶೇ 18. ಈ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಆದಾಯ ತೆರಿಗೆಯ ಹಾಗೆ ಮಿತಿ ದಾಟಿದ ಭಾಗಕ್ಕೆ ಮಾತ್ರ ಹೆಚ್ಚಿನ ದರ ಅಲ್ಲ, ಪೂರ್ತಿ ಬೆಲೆಗೇ ಹೊಸ ದರ. ಹಾಗಾಗಿ 9.9 ಲಕ್ಷದ ಕಾರಿಗೆ ತೆರಿಗೆ 1.54 ಲಕ್ಷ, 10.1 ಲಕ್ಷದ ಕಾರಿಗೆ 1.91 ಲಕ್ಷ. ಬೆಲೆಯಲ್ಲಿ ಇಪ್ಪತ್ತು ಸಾವಿರದ ವ್ಯತ್ಯಾಸಕ್ಕೆ ತೆರಿಗೆಯಲ್ಲೇ ಮೂವತ್ತೇಳು ಸಾವಿರ ಹೆಚ್ಚು. ‘ಸರ್, ಇನ್ನೊಂದು ಇಪ್ಪತ್ತು ಹಾಕಿದ್ರೆ ಟಾಪ್ ಮಾಡೆಲ್ಲೇ ಬರುತ್ತೆ’ ಅಂತ ಹೇಳುವಾಗ ಈ ಮೆಟ್ಟಿಲು ಎಲ್ಲಿದೆ ಅಂತ ನೋಡಿಕೊಳ್ಳಿ. ಹತ್ತು ಲಕ್ಷ ದಾಟಿದರೆ ಶೇ 1 ಟಿಸಿಎಸ್ (ಮಾರುವವರೇ ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ) ಕೂಡ ಕಟ್ಟಿಸಿಕೊಳ್ಳುತ್ತಾರೆ. ಅದು ಖರ್ಚಲ್ಲ, ರಿಟರ್ನ್ಸ್ ಹಾಕುವಾಗ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಎಷ್ಟೋ ಜನ ಅದನ್ನು ಕೇಳುವುದನ್ನೇ ಮರೆಯುತ್ತಾರೆ.

ಜಿಎಸ್‌ಟಿಯಲ್ಲೂ ಇಂಥದ್ದೇ ಗೆರೆಯಿದೆ. 2025ರ ಸೆಪ್ಟೆಂಬರ್ 22ರಿಂದ ಉದ್ದ ನಾಲ್ಕು ಮೀಟರ್ ಮೀರದ, ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿ ಮೀರದ ಕಾರಿಗೆ ಶೇ 18. ಮೀರಿದರೆ ಶೇ 40. ಕಾರುಗಳ ಅಳತೆಯ ಪಟ್ಟಿಯಲ್ಲಿ 3,995 ಮಿ.ಮೀ. ಅನ್ನುವ ಅಂಕಿ ಮತ್ತೆ ಮತ್ತೆ ಕಾಣುವುದು ಇದಕ್ಕೇ. ಆ ನಾಲ್ಕು ಮೀಟರಿನೊಳಗೆ ಎಂಜಿನ್ನು, ಐದು ಜನ, ಸೂಟ್‌ಕೇಸು ಎಲ್ಲವೂ ಕೂರಬೇಕು. ಎಲ್ಲೋ ಒಂದು ಕಡೆ ಕತ್ತರಿ ಬೀಳುತ್ತದೆ. ಒಂದು ಕಂಪನಿ ಡಿಕ್ಕಿಯನ್ನು ಮೊಟಕು ಮಾಡುತ್ತದೆ, ಇನ್ನೊಂದು ಹಿಂದಿನ ಸೀಟಿನ ಆಳವನ್ನು. ಎರಡನೆಯದು ಶೋರೂಮಿನಲ್ಲಿ ಐದು ನಿಮಿಷ ಕೂತವರಿಗೆ ಗೊತ್ತಾಗುವುದಿಲ್ಲ, ಮೈಸೂರಿಂದ ಹೊರಟು ಹುಣಸೂರು ದಾಟುವಷ್ಟರಲ್ಲಿ ತೊಡೆಗೆ ಗೊತ್ತಾಗುತ್ತದೆ.

ಸುಖ ಅಂದರೆ ಯಾರ ಸುಖ?

ನಮ್ಮ ಮನೆಯಲ್ಲಿ ಕಾರು ಓಡಿಸುವವನು ನಾನು. ಆದರೆ ಕಾರಿನ ಬಗ್ಗೆ ದೂರು ಹೇಳುವ ಹಕ್ಕು ಅಮ್ಮನದು. ಎಪ್ಪತ್ತೆರಡು ವರ್ಷ, ಎರಡೂ ಮಂಡಿ ನೋವು. ಮೊದಲ ಶೋರೂಮಿನಲ್ಲಿ ತಗ್ಗಾದ, ಚೂಪು ಮೂತಿಯ ಕಾರೊಂದರ ಹಿಂದಿನ ಬಾಗಿಲು ತೆಗೆದು ಹುಡುಗ ‘ಬನ್ನಿ ಆಂಟಿ’ ಅಂದ. ಅಮ್ಮ ಬಾಗಿಲ ಚೌಕಟ್ಟು ಹಿಡಿದು, ತಲೆ ತಗ್ಗಿಸಿ, ಒಂದು ಕಾಲು ಒಳಗಿಟ್ಟು, ಕೊನೆಗೆ ಸೀಟಿನ ಮೇಲೆ ಬಿದ್ದರು. ಕೂತರು ಅನ್ನಲು ಆಗದು. ಇಳಿಯುವಾಗ ನನ್ನ ಕೈ ಬೇಕಾಯಿತು. ‘ಕಾರು ಚೆನ್ನಾಗಿದೆ ಕಣೋ. ಆದ್ರೆ ನನ್ನ ಇದ್ರಲ್ಲಿ ಕೂರಿಸ್ಬೇಕು ಅಂದ್ರೆ ಇಬ್ರು ಬೇಕು’ ಅಂದರು.

ಅವತ್ತೇ ನನಗೆ ಮೊದಲ ಅಳತೆ ಸಿಕ್ಕಿದ್ದು. ನಿಂತವರ ಸೊಂಟಕ್ಕಿಂತ ಸ್ವಲ್ಪ ಕೆಳಗೆ ಸೀಟು ಇದ್ದರೆ ಪಕ್ಕಕ್ಕೆ ಜಾರಿ ಕೂರಬಹುದು. ಮಂಡಿಗಿಂತ ಕೆಳಗಿದ್ದರೆ ಕುಕ್ಕರಿಸಿ ಇಳಿಯಬೇಕು, ತೀರಾ ಎತ್ತರವಾದರೆ ಹತ್ತಬೇಕು. ದೊಡ್ಡ ಗಾತ್ರದ ಗಾಡಿ ವಯಸ್ಸಾದವರಿಗೆ ಸುಖ ಅನ್ನುವುದು ಅರ್ಧ ನಿಜ. ಕೆಲವಕ್ಕೆ ಏಣಿ ಬೇಕು. ಎರಡನೇ ಅಳತೆ ಸೀಟಿನ ಆಳ: ಬೆನ್ನು ಒರಗಿಸಿ ಕೂತಾಗ ಮಂಡಿಯ ಹಿಂಬದಿಗೂ ಸೀಟಿನ ಅಂಚಿಗೂ ಎರಡು ಮೂರು ಬೆರಳಿನ ಜಾಗ ಇರಬೇಕು. ಒಂದು ಗೇಣು ಜಾಗ ಉಳಿದರೆ ತೊಡೆ ಗಾಳಿಯಲ್ಲಿ ನೇತಾಡುತ್ತದೆ, ಭಾರವೆಲ್ಲ ಬೆನ್ನಿನ ಬುಡಕ್ಕೆ ಬೀಳುತ್ತದೆ.

ಮೆತ್ತಗಿದ್ದರೆ ಸುಖ ಅನ್ನುವುದೂ ಪೂರ್ತಿ ಸರಿಯಲ್ಲ. ನಮಗೆ ಪುತ್ತೂರಲ್ಲಿ ನೆಂಟರಿದ್ದಾರೆ. ಮೈಸೂರಿಂದ ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯಬೇಕು. ಊರೊಳಗಿನ ಹಂಪುಗಳನ್ನು ಬೆಣ್ಣೆಯ ಹಾಗೆ ದಾಟುವ ಮೆತ್ತನೆ ಸಸ್ಪೆನ್ಷನ್ನಿನ ಹಳೆ ಕಾರು ಘಾಟಿಯ ತಿರುವುಗಳಲ್ಲಿ ತೊಟ್ಟಿಲ ಹಾಗೆ ಅತ್ತಿತ್ತ ವಾಲುತ್ತಿತ್ತು. ಮಗಳಿಗೆ ಮೂರನೇ ತಿರುವಿಗೆ ವಾಂತಿ, ಪ್ಲಾಸ್ಟಿಕ್ ಕವರು ಕೈಯಲ್ಲೇ ಇರುತ್ತಿತ್ತು. ಸ್ವಲ್ಪ ಬಿಗಿಯಾದ ಕಾರಿನಲ್ಲಿ ಆ ವಾಲಾಟ ಕಡಿಮೆ. ಹಂಪಿನಲ್ಲಿ ಒಂದು ಕುಲುಕು ಹೆಚ್ಚು ತಿಂದರೂ ಘಾಟಿಯಲ್ಲಿ ಹೊಟ್ಟೆ ತಣ್ಣಗಿರುತ್ತದೆ. ನಿಮ್ಮ ವರ್ಷದ ದಾರಿ ಯಾವುದು ಅನ್ನುವುದರ ಮೇಲೆ ಸುಖದ ಅರ್ಥ ಬದಲಾಗುತ್ತದೆ.

ಟಯರಿನ ಪಕ್ಕದಲ್ಲಿ ಬರೆದಿರುವ ಅಂಕಿಯನ್ನು ಒಮ್ಮೆ ಬಗ್ಗಿ ಓದಿ. ಒಂದೇ ಕಾರಿನ ಕೆಳಗಿನ ಮಾಡೆಲ್ಲಿಗೆ 185/65 ಆರ್15, ಮೇಲಿನದಕ್ಕೆ 195/55 ಆರ್16 ಅಂತ ಇರುತ್ತದೆ ಅನ್ನಿ. ಮೊದಲ ಅಂಕಿ ಟಯರಿನ ಅಗಲ, ಮಿ.ಮೀ.ನಲ್ಲಿ. ಎರಡನೆಯದು ಆ ಅಗಲದ ಶೇಕಡಾ ಎಷ್ಟು ಟಯರಿನ ಗೋಡೆಯ ಎತ್ತರ ಅನ್ನುವುದು. ಮೂರನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಗುಣಿಸಿದರೆ ಮೊದಲ ಟಯರಿನ ಗೋಡೆ 120 ಮಿ.ಮೀ., ಎರಡನೆಯದು 107. ನೆಲದಿಂದ ಚಕ್ರದ ತುದಿಯವರೆಗಿನ ಎತ್ತರ ಎರಡಕ್ಕೂ ಹೆಚ್ಚುಕಡಿಮೆ ಒಂದೇ, 621 ಮಿ.ಮೀ. ಆಸುಪಾಸು. ಅಂದರೆ ಹೆಚ್ಚು ದುಡ್ಡು ಕೊಟ್ಟವನಿಗೆ ಸಿಕ್ಕಿದ್ದು ಹೆಚ್ಚು ಲೋಹ, ಕಡಿಮೆ ರಬ್ಬರು, ಕಡಿಮೆ ಗಾಳಿ. ಗುಂಡಿಯ ಹೊಡೆತವನ್ನು ಮೊದಲು ತಿನ್ನುವುದು ಅದೇ ರಬ್ಬರು, ಅದೇ ಗಾಳಿ. ಮುಂದೆ ಟಯರ್ ಬದಲಿಸುವಾಗ ದೊಡ್ಡ ರಿಮ್ಮಿನ ಟಯರಿಗೇ ಬೆಲೆ ಹೆಚ್ಚು. ಗುಂಡಿಗೆ ಬಿದ್ದು ಅಲಾಯ್ ಬಾಗಿದರೆ ಅದರ ಕಥೆ ಬೇರೆ. ನೋಡುವುದಕ್ಕೆ ಚೆನ್ನಾಗಿರುತ್ತದೆ, ಒಪ್ಪುತ್ತೇನೆ. ಆದರೆ ಚಕ್ರ ನೋಡುವವರು ರಸ್ತೆ ಬದಿಯಲ್ಲಿರುತ್ತಾರೆ, ಕುಲುಕು ತಿನ್ನುವವರು ಒಳಗಿರುತ್ತಾರೆ.

ಸನ್‌ರೂಫ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ ಮಕ್ಕಳು ಮುನಿಸಿಕೊಳ್ಳುತ್ತಾರೆ. ಏಪ್ರಿಲಿನ ರಾಯಚೂರು, ಕಲಬುರಗಿ ಕಡೆ ಅದರ ಪರದೆ ತೆರೆಯುವ ಧೈರ್ಯ ಯಾರಿಗಿದೆ? ತಲೆಯ ಮೇಲಿನ ಒಂದೆರಡು ಇಂಚು ಜಾಗವನ್ನೂ ಅದು ತಿನ್ನುತ್ತದೆ. ಅದರ ದುಡ್ಡಿನಲ್ಲಿ ಹಿಂದಿನ ಎಸಿ ವೆಂಟು, ಎತ್ತರ ಹೊಂದಿಸುವ ಡ್ರೈವರ್ ಸೀಟು, ಮೂರನೆಯವರಿಗೂ ಸರಿಯಾದ ಸೀಟ್‌ಬೆಲ್ಟು ಬಂದರೆ ಅದೇ ಲಾಭ.

ಸುಖಕ್ಕೆ ಗಂಟೆಗೆ ಎಷ್ಟು?

ಇನ್ನು ಕಷ್ಟದ ಪ್ರಶ್ನೆ. ದೊಡ್ಡ ಕಾರು ನಿಜವಾಗಿಯೂ ಸುಖವಾಗಿದ್ದರೆ ಅದಕ್ಕೆ ಎಷ್ಟು ಕೊಡಬಹುದು? 12.5 ಲಕ್ಷದ ಕಾರಿಗೂ ಅದೇ ಲೆಕ್ಕ ಹಾಕಿದೆ. ಲೀಟರಿಗೆ 14 ಕಿ.ಮೀ., ಹನ್ನೆರಡು ಲಕ್ಷ ಸಾಲ, ಏಳು ವರ್ಷಕ್ಕೆ ಮಾರಿದರೆ 5 ಲಕ್ಷ ಅಂತ ಹಿಡಿದರೆ ಒಟ್ಟು 21.3 ಲಕ್ಷ, ಕಿಲೋಮೀಟರಿಗೆ 30 ರೂಪಾಯಿ. ಚಿಕ್ಕ ಕಾರಿಗಿಂತ ತಿಂಗಳಿಗೆ ಸುಮಾರು 7,000 ಹೆಚ್ಚು. ವರ್ಷಕ್ಕೆ 10,000 ಕಿ.ಮೀ. ಅಂದರೆ, ಊರಿನ ಟ್ರಾಫಿಕ್ಕೂ ಸೇರಿ ಗಂಟೆಗೆ 22 ಕಿ.ಮೀ. ಸರಾಸರಿ ವೇಗ ಹಿಡಿದರೆ ನಾನು ಕಾರಿನೊಳಗೆ ಇರುವುದು ತಿಂಗಳಿಗೆ 38 ಗಂಟೆ. ಆ ಹೆಚ್ಚಿನ ಸುಖಕ್ಕೆ ಗಂಟೆಗೆ 184 ರೂಪಾಯಿ ಬಾಡಿಗೆ ಕೊಟ್ಟ ಹಾಗಾಯಿತು.

ಚಿಕ್ಕ ಕಾರಿನಲ್ಲೇ ಕ್ಲಚ್ ಇಲ್ಲದ ಎಎಂಟಿ ಗೇರ್ ತೆಗೆದುಕೊಂಡರೆ ಸುಮಾರು 60,000 ಹೆಚ್ಚು, ತೆರಿಗೆ ಸೇರಿ 69,000. ಅದು ಗಂಟೆಗೆ ಇಪ್ಪತ್ತೆರಡು ರೂಪಾಯಿಯೂ ಆಗುವುದಿಲ್ಲ. ಸಂಜೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎಡಗಾಲು ಮರಗಟ್ಟಿದವರಿಗೆ ಇದಕ್ಕಿಂತ ಅಗ್ಗದ ಸುಖ ಇನ್ನೊಂದಿಲ್ಲ. ಎಎಂಟಿ ಗೇರ್ ಬದಲಿಸುವಾಗ ತಲೆ ಒಮ್ಮೆ ಮುಂದಕ್ಕೆ ತೂಗುತ್ತದೆ. ಅದು ಸಹಿಸಲು ಆಗದವರು ಸಿವಿಟಿ, ಟಾರ್ಕ್ ಕನ್ವರ್ಟರ್ ಅನ್ನುವ ಇನ್ನೂ ನಯವಾದ ಆಟೋಮ್ಯಾಟಿಕ್ ಗೇರಿಗೆ ಇನ್ನಷ್ಟು ತೆರಬೇಕು.

ಗಂಟೆಗೆ 184 ಕೊಡಬಾರದು ಅಂತ ನಾನು ಹೇಳುತ್ತಿಲ್ಲ. ಸ್ಲಿಪ್ ಡಿಸ್ಕ್ ಇರುವ ನನ್ನ ಸ್ನೇಹಿತನೊಬ್ಬ ದಿನಾ ತುಮಕೂರಿಂದ ಬೆಂಗಳೂರಿಗೆ ಓಡಾಡುತ್ತಾನೆ. ಅವನ ಗಂಟೆಗಳು ನನ್ನದಕ್ಕಿಂತ ಎರಡು ಪಟ್ಟು, ಹಾಗಾಗಿ ಗಂಟೆಯ ಬಾಡಿಗೆ ಹೆಚ್ಚುಕಡಿಮೆ ಅರ್ಧ. ಅವನಿಗೆ ಅದು ಖರ್ಚಲ್ಲ, ಔಷಧಿ.

ಡೀಸೆಲ್, ಕರೆಂಟು

ಡೀಸೆಲ್ ಅಂದರೆ ಉಳಿತಾಯ ಅನ್ನುವ ಕಾಲ ಒಂದಿತ್ತು. ಈಗ ಅದೇ ಕಾರಿನ ಡೀಸೆಲ್ ಮಾಡೆಲ್ಲಿಗೆ ಒಂದೂವರೆ ಲಕ್ಷ ಹೆಚ್ಚು ಅಂದರೆ, ಹತ್ತು ಲಕ್ಷ ಮೀರಿದ ಕಾರಿಗೆ ತೆರಿಗೆ ಸೇರಿ 1.78 ಲಕ್ಷ. ಪೆಟ್ರೋಲು 14, ಡೀಸೆಲು 18 ಕಿ.ಮೀ. ಕೊಟ್ಟರೆ, ಡೀಸೆಲ್ ಲೀಟರಿಗೆ 91 ಹಿಡಿದರೆ, ಕಿಲೋಮೀಟರಿಗೆ ಉಳಿಯುವುದು ಎರಡು ರೂಪಾಯಿ ಮೂವತ್ತು ಪೈಸೆ. ಹಾಕಿದ ದುಡ್ಡು ವಾಪಸ್ ಬರಲು 77,000 ಕಿ.ಮೀ. ಓಡಬೇಕು. ಜೊತೆಗೆ 2020ರ ಏಪ್ರಿಲಿನಿಂದ ಬಂದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರಿದೆ. ಅದರೊಳಗಿನ ಮಸಿ ಸುಟ್ಟುಹೋಗಬೇಕಾದರೆ ಕಾರು ಆಗಾಗ ಹೈವೇಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ದಿನಾ ಮಗುವನ್ನು ಸ್ಕೂಲಿಗೆ ಬಿಟ್ಟು ಬರುವ ನಾಲ್ಕು ಕಿಲೋಮೀಟರಿಗೆ ಡೀಸೆಲ್ ಕೊಂಡರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುವುದು ಖಂಡಿತ.

ಎಲೆಕ್ಟ್ರಿಕ್ ಕಾರಿನ ಲೆಕ್ಕ ತಲೆಕೆಳಗು: ಕೊಳ್ಳುವಾಗ ದುಬಾರಿ, ಓಡಿಸುವಾಗ ಅಗ್ಗ. ಚಿಕ್ಕ ಕಾರು ಒಂದು ಯೂನಿಟ್ಟಿಗೆ ಏಳು ಕಿ.ಮೀ. ಓಡಿ, ಮನೆಯ ಕರೆಂಟು ಯೂನಿಟ್ಟಿಗೆ ಏಳು ರೂಪಾಯಿ ಬಿದ್ದರೆ ಕಿಲೋಮೀಟರಿಗೆ ಒಂದು ರೂಪಾಯಿ. ಹೊರಗಿನ ಫಾಸ್ಟ್ ಚಾರ್ಜರಿನಲ್ಲಿ ಅದರ ಎರಡು ಮೂರು ಪಟ್ಟು. ಜಿಎಸ್‌ಟಿ ಶೇ 5. ರಾಜ್ಯದಲ್ಲಿ ಬಹುಕಾಲ ಜೀವಾವಧಿ ತೆರಿಗೆಯೇ ಇರಲಿಲ್ಲ, 2024ರಲ್ಲಿ 25 ಲಕ್ಷ ಮೀರಿದವಕ್ಕೆ ಶೇ 10 ಬಂತು. ಇಂಥ ರಿಯಾಯಿತಿ ಶಾಶ್ವತ ಅಲ್ಲ, ಬುಕ್ ಮಾಡುವ ದಿನದ ದರ ಕೇಳಿಕೊಳ್ಳಿ. ಸದ್ದಿಲ್ಲ, ಗೇರಿಲ್ಲ, ಊರೊಳಗೆ ಸುಖ. ಬ್ಯಾಟರಿಯ ಭಾರ ಹೊರಲು ಸ್ಪ್ರಿಂಗು ಬಿಗಿಯಾಗಿರುವುದರಿಂದ ಹಂಪಿನಲ್ಲಿ ಸ್ವಲ್ಪ ಒರಟು. ನಮ್ಮಂಥ ಅಪಾರ್ಟ್‌ಮೆಂಟಿನವರಿಗೆ ಮೊದಲ ಪ್ರಶ್ನೆ ಬ್ಯಾಟರಿಯದಲ್ಲ, ಪಾರ್ಕಿಂಗಿನ ಕಂಬಕ್ಕೆ ಪ್ಲಗ್ ಪಾಯಿಂಟ್ ಹಾಕಿಸಲು ಅಸೋಸಿಯೇಷನ್ ಒಪ್ಪುತ್ತದಾ ಅನ್ನುವುದು.

ಕಾಗದದಲ್ಲಿ ಉಳಿಯುವ ದುಡ್ಡು

ಇನ್ಶೂರೆನ್ಸಿನಲ್ಲಿ ನಾನು ಹಿಂದೊಮ್ಮೆ ಪೆಟ್ಟು ತಿಂದಿದ್ದೇನೆ. ಐದು ವರ್ಷ ಕ್ಲೇಮ್ ಮಾಡದೆ ಇದ್ದರೆ ನೋ ಕ್ಲೇಮ್ ಬೋನಸ್ ಶೇ 50ಕ್ಕೆ ಏರುತ್ತದೆ, ಥರ್ಡ್ ಪಾರ್ಟಿ ಬಿಟ್ಟು ನಿಮ್ಮ ಕಾರಿನ ಹಾನಿಯ ಭಾಗದ ಪ್ರೀಮಿಯಮ್ಮಿನ ಮೇಲೆ. ಈ ಬೋನಸ್ಸು ಕಾರಿನದಲ್ಲ, ಯಜಮಾನನದು. ಹಳೆ ಕಾರು ಮಾರಿ ಕಂಪನಿಯಿಂದ ಒಂದು ಪತ್ರ ತೆಗೆದುಕೊಂಡರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಆ ಸಲ ನನಗೆ ಇದು ಗೊತ್ತಿರಲಿಲ್ಲ, ಕಾರು ಕೊಟ್ಟ ಡೀಲರು ಹೇಳಲೂ ಇಲ್ಲ. ಹದಿನಾಲ್ಕು ಸಾವಿರ ಹೋಯಿತು. ಬಂಪರಿನ ಗೀರಿಗೆಲ್ಲ ಕ್ಲೇಮ್ ಮಾಡುವವರು ಕೂಡ ಮೂರು ಸಾವಿರದ ಪೇಂಟಿಗೆ ಈ ಬೋನಸ್ಸನ್ನು ಕಳೆದುಕೊಳ್ಳುತ್ತಾರೆ. ಪ್ರೀಮಿಯಂ ತೀರಾ ಕಡಿಮೆ ತೋರಿಸಿದರೆ ಐಡಿವಿ ನೋಡಿ. ಕಾರು ಪೂರ್ತಿ ಹೋದರೆ ಕೈಗೆ ಬರುವ ಮೊತ್ತವನ್ನೇ ಇಳಿಸಿರುತ್ತಾರೆ.

ಸೆಕೆಂಡ್ ಹ್ಯಾಂಡ್ ಅಂದರೆ ಮೂಗು ಮುರಿಯುವವರಿಗೆ ಒಂದು ಮಾತು: ಮೂರು ವರ್ಷದ ಕಾರು ಕೊಂಡರೆ ಸವಕಳಿಯ ದೊಡ್ಡ ಪೆಟ್ಟನ್ನೂ ಜೀವಾವಧಿ ತೆರಿಗೆಯನ್ನೂ ಮೊದಲಿನವನೇ ತಿಂದಿರುತ್ತಾನೆ. ಆದರೆ ಕೆಎ ನೋಂದಣಿಯದೇ ಆಗಿರಬೇಕು. ದೆಹಲಿ ಕಡೆ ಅಗ್ಗಕ್ಕೆ ಸಿಗುವ ಹಳೆ ಡೀಸೆಲ್ ಗಾಡಿಯನ್ನು ತಂದರೆ ಎನ್‌ಒಸಿ, ಮರುನೋಂದಣಿ, ಇಲ್ಲಿನ ತೆರಿಗೆ ಎಲ್ಲ ಸೇರಿ ಅಗ್ಗ ಅನ್ನುವುದು ಅರ್ಧ ದಾರಿಯಲ್ಲೇ ಕರಗುತ್ತದೆ.

ಕೊನೆಗೆ ನಾವು ಆರಿಸಿದ್ದು ಎಂಟೂವರೆ ಲಕ್ಷದ ಆಸುಪಾಸಿನದು: ಮಧ್ಯದ ಮಾಡೆಲ್, 15 ಇಂಚಿನ ಚಕ್ರ, ಎಎಂಟಿ, ಸನ್‌ರೂಫ್ ಇಲ್ಲ. ಟೆಸ್ಟ್ ಡ್ರೈವ್‌ಗೆ ಹುಡುಗ ರಿಂಗ್ ರೋಡಿನ ಕಡೆ ಕೈ ತೋರಿಸಿದ. ನಾನು ನಮ್ಮ ಮನೆ ಹಿಂದಿನ, ಒಳಚರಂಡಿ ಪೈಪಿಗೆ ಅಗೆದು ಹಾಗೇ ಮುಚ್ಚಿದ ರಸ್ತೆಗೆ ತಿರುಗಿಸಿದೆ, ಹಿಂದೆ ಅಮ್ಮ, ಹೆಂಡತಿ, ಮಗಳು ಮೂವರನ್ನೂ ಕೂರಿಸಿಕೊಂಡು. ಅಮ್ಮ ತಾವೇ ಹತ್ತಿದರು, ತಾವೇ ಇಳಿದರು.

ಡೆಲಿವರಿ ಆದ ದಿನ ಮಾತ್ರ ಅದೇ ರಸ್ತೆಯಲ್ಲಿ ಕಾರು ಎತ್ತಿನಗಾಡಿಯ ಹಾಗೆ ಕುಕ್ಕಿತು. ಅಮ್ಮ ಮುಖ ಗಂಟಿಕ್ಕಿ, ‘ಅವತ್ತು ತೋರಿಸಿದ್ದು ಬೇರೆ ಕಾರೇನೋ?’ ಅಂದರು. ಪಂಕ್ಚರ್ ಅಂಗಡಿಯಲ್ಲಿ ನೋಡಿಸಿದರೆ ನಾಲ್ಕೂ ಚಕ್ರದಲ್ಲಿ ಗಾಳಿ 44 ಇತ್ತು. ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಲ್ಲುವ ಕಾರಿಗೆ ಹೆಚ್ಚು ಗಾಳಿ ತುಂಬಿರುತ್ತಾರೆ, ಕೊಡುವಾಗ ಇಳಿಸುವುದನ್ನು ಮರೆತಿದ್ದರು. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲಿನ ಸ್ಟಿಕ್ಕರಿನಲ್ಲಿ 33 ಅಂತಿದೆ. ಅಷ್ಟಕ್ಕೆ ಇಳಿಸಿದ ಹುಡುಗ ಇಪ್ಪತ್ತು ರೂಪಾಯಿ ತೆಗೆದುಕೊಂಡು, ಕೈ ಒರೆಸಿಕೊಳ್ಳುತ್ತಾ ಕೇಳಿದ: ‘ಹೊಸ ಗಾಡಿನಾ ಸರ್? ಎಷ್ಟು ಕೊಡುತ್ತೆ?’